ಪೆಸಿಫಿಕ್ ವಸಾಹತುಗಳ ಬೊಕ್ಕಸ, ಬಂದರು, ಆಸ್ಪತ್ರೆ: ಅಧ್ಯಯನಕ್ಕೆ ಯಾವ ದ್ವೀಪವನ್ನು ಆರಿಸಿಕೊಳ್ಳಬೇಕು?

ವಸಾಹತು ಆಡಳಿತದ ಅರ್ಥವ್ಯವಸ್ಥೆಯ ಮೇಲೆ ಸ್ನಾತಕೋತ್ತರ ಪ್ರಬಂಧವನ್ನೋ ಪಿಎಚ್.ಡಿ.ಯನ್ನೋ ಬರೆಯಲು ಹೊರಟ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೈಸೂರು, ಮದ್ರಾಸ್, ಬೊಂಬಾಯಿಗಳ ದಾಖಲೆಗಳಲ್ಲೇ ಉಳಿಯುತ್ತಾರೆ. ಅದು ಸಹಜವೇ. ಆದರೆ ಸರ್ಕಾರವೊಂದು ಹಣವನ್ನು ಎಲ್ಲಿಂದ ತರುತ್ತದೆ, ಯಾವ ಸರಕನ್ನು ಹೊರಗೆ ಕಳಿಸುತ್ತದೆ, ಕಾಯಿಲೆ ಬಿದ್ದವರನ್ನು ಹೇಗೆ ನೋಡಿಕೊಳ್ಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಬೇಕೆಂದರೆ ಪೆಸಿಫಿಕ್ ಸಾಗರದ ಪುಟ್ಟ ವಸಾಹತುಗಳಷ್ಟು ಅನುಕೂಲವಾದ ಜಾಗ ಬೇರೆ ಸಿಗುವುದು ಕಷ್ಟ. ಅಲ್ಲಿರುವುದು ಒಂದೋ ಎರಡೋ ಬಂದರು, ಒಂದೋ ಎರಡೋ ರಫ್ತು ಸರಕು, ಬೆರಳೆಣಿಕೆಯಷ್ಟು ವೈದ್ಯರು ಮತ್ತು ವರ್ಷಕ್ಕೊಂದು ವರದಿ. ಇಡೀ ನಾಡಿನ ಜಮಾ-ಖರ್ಚು ಕೆಲವೇ ಪುಟಗಳಲ್ಲಿ ಮುಗಿದುಹೋಗುತ್ತದೆ.

ಆದರೆ ಯಾವ ದ್ವೀಪವನ್ನು ಆರಿಸಿಕೊಳ್ಳುವುದು? ಫಿಜಿ, ಪಶ್ಚಿಮ ಸಮೋವಾ, ಅಮೆರಿಕನ್ ಸಮೋವಾ, ನೌರು, ಬಾನಬಾ ಒಳಗೊಂಡ ಗಿಲ್ಬರ್ಟ್ ಮತ್ತು ಎಲ್ಲಿಸ್ ದ್ವೀಪಗಳು (ಇಂದಿನ ಕಿರಿಬಾಟಿ ಮತ್ತು ಟುವಾಲು), ನ್ಯೂ ಹೆಬ್ರಿಡಿಸ್ (ಇಂದಿನ ವನುವಾಟು) ಇವುಗಳನ್ನು ಈ ಮಾರ್ಗದರ್ಶಿಯಲ್ಲಿ ಹೋಲಿಸಿದ್ದೇನೆ. ಟೋಂಗಾವನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು 1900ರಿಂದ ಬ್ರಿಟನ್ನಿನ ರಕ್ಷಣೆಗೆ ಒಳಪಟ್ಟಿತ್ತಾದರೂ ತನ್ನ ಅರಸೊತ್ತಿಗೆಯನ್ನೂ ತನ್ನ ಬೊಕ್ಕಸವನ್ನೂ ಉಳಿಸಿಕೊಂಡಿತ್ತು. ವಸಾಹತಾಗದೆ ಉಳಿದ ನೆರೆಯ ನಾಡು ಹೇಗಿತ್ತೆಂದು ತಾಳೆ ನೋಡಲು ಅದು ಒದಗುತ್ತದೆ, ಮುಖ್ಯ ವಿಷಯವಾಗಲಾರದು.

ಆಯ್ಕೆಯ ಮೊದಲ ಅಳತೆಗೋಲನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಹೋಲಿಕೆಯೆಲ್ಲ ಅದರ ಮೇಲೆ ನಿಂತಿದೆ. ವಸಾಹತಿನ ವಾರ್ಷಿಕ ವರದಿಯಲ್ಲಿ ‘ವೈದ್ಯಕೀಯ ಇಲಾಖೆ’ ಎಂಬ ಶೀರ್ಷಿಕೆಯಡಿ ಕಾಣುವ ಮೊತ್ತ ಆ ನಾಡಿನಲ್ಲಿ ಆರೋಗ್ಯಕ್ಕೆ ಆದ ಒಟ್ಟು ಖರ್ಚಲ್ಲ. ತೋಟದ ಆಸ್ಪತ್ರೆಯನ್ನು ಸಕ್ಕರೆ ಕಂಪನಿ ನಡೆಸುತ್ತಿತ್ತು, ಗಣಿಯ ಆಸ್ಪತ್ರೆಯನ್ನು ಫಾಸ್ಫೇಟ್ ಮಂಡಳಿ ನಡೆಸುತ್ತಿತ್ತು, ಇನ್ನೊಂದನ್ನು ಮಿಷನ್ ನಡೆಸುತ್ತಿತ್ತು. ಕುಷ್ಠರೋಗಿಗಳನ್ನು ಪಕ್ಕದ ವಸಾಹತಿಗೆ ಕಳಿಸಿ ಅಲ್ಲಿಯ ಖರ್ಚಿಗೆ ಪಾಲು ಕೊಡಲಾಗುತ್ತಿತ್ತು. ಹೀಗೆ ಲೆಕ್ಕದ ಹೊರಗೆ ಉಳಿದ ಹಣವನ್ನು ಎಲ್ಲಿ ಮರಳಿ ಹುಡುಕಬಹುದೋ ಆ ದ್ವೀಪವೇ ಅಧ್ಯಯನಕ್ಕೆ ಒಳ್ಳೆಯ ಆಯ್ಕೆ. ಹುಡುಕಲಾಗದ ಕಡೆ ‘ತಲಾ ಆರೋಗ್ಯ ವೆಚ್ಚ’ ಎಂದು ಕೋಷ್ಟಕ ಮಾಡಿಕೊಟ್ಟರೆ ಅದು ನೋಡಲು ಚೆನ್ನಾಗಿರುತ್ತದೆ, ಅಷ್ಟೇ.

ಫಿಜಿ: ದೊಡ್ಡ ಕಣ, ದೊಡ್ಡ ಕೆಲಸ

ಫಿಜಿಯ ಮುಖಂಡರು ತಮ್ಮ ದ್ವೀಪಗಳನ್ನು ಬ್ರಿಟನ್ನಿಗೆ ಒಪ್ಪಿಸಿದ್ದು 1874ರ ಅಕ್ಟೋಬರ್ 10ರಂದು. ಮರುವರ್ಷವೇ ದಡಾರ ಬಂತು. ಸಿಡ್ನಿಗೆ ಹೋಗಿದ್ದ ಮುಖಂಡ ಥಾಕೊಂಬಾವು ಅವರನ್ನು ‘ಡಿಡೊ’ ಎಂಬ ನೌಕಾಪಡೆಯ ಹಡಗು ಮರಳಿ ಕರೆತಂದಾಗ ಅದರೊಡನೆ ಕಾಲಿಟ್ಟ ಈ ರೋಗ ಕೆಲವೇ ತಿಂಗಳಲ್ಲಿ ಸುಮಾರು 40,000 ಜನರನ್ನು, ಅಂದರೆ ಜನಸಂಖ್ಯೆಯ ನಾಲ್ಕನೆಯ ಒಂದು ಭಾಗಕ್ಕೂ ಹೆಚ್ಚು ಮಂದಿಯನ್ನು, ಬಲಿ ತೆಗೆದುಕೊಂಡಿತು. ಮೊದಲ ಪೂರ್ಣಾವಧಿ ಗವರ್ನರ್ ಸರ್ ಆರ್ಥರ್ ಗಾರ್ಡನ್ ಬಂದಿಳಿದಾಗ ಅವರ ಮುಂದಿದ್ದದ್ದು ಖಾಲಿ ಬೊಕ್ಕಸ ಮತ್ತು ಅರ್ಧ ಬರಿದಾದ ಹಳ್ಳಿಗಳು.

ಅವರು 1876ರಲ್ಲಿ ತಂದ ತೆರಿಗೆ ಪದ್ಧತಿಯನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ಪ್ರತಿ ಪ್ರಾಂತ್ಯ ಎಷ್ಟು ಕೊಡಬೇಕೆಂಬುದನ್ನು ಶಾಸನ ಮಂಡಳಿ ಹಣದ ಲೆಕ್ಕದಲ್ಲಿ ನಿಗದಿ ಮಾಡುತ್ತಿತ್ತು, ಆದರೆ ಹಳ್ಳಿಯವರು ಅದನ್ನು ಸಲ್ಲಿಸಬೇಕಾಗಿದ್ದುದು ಬೆಳೆಯ ರೂಪದಲ್ಲಿ: ಕೊಬ್ಬರಿ, ಹತ್ತಿ, ಹೊಗೆಸೊಪ್ಪು, ಮೆಕ್ಕೆಜೋಳ ಹೀಗೆ. ಯಾವ ಊರಿಗೆ ಎಷ್ಟು ಪಾಲೆಂಬುದನ್ನು ಪ್ರಾಂತ್ಯದ ಮುಖಂಡರು ಹಂಚುತ್ತಿದ್ದರು. ಸರ್ಕಾರ ವರ್ಷಕ್ಕೊಮ್ಮೆ ಟೆಂಡರ್ ಕರೆದು ಹೆಚ್ಚು ಬೆಲೆ ಕೂಗಿದ ವ್ಯಾಪಾರಿಗೆ ಆ ಸರಕನ್ನು ಮಾರುತ್ತಿತ್ತು. ತೆರಿಗೆಯ ಮೊತ್ತಕ್ಕಿಂತ ಹೆಚ್ಚು ಹಣ ಬಂದರೆ ಮಿಕ್ಕಿದ್ದು ಪ್ರಾಂತ್ಯಕ್ಕೆ ವಾಪಸಾಗುತ್ತಿತ್ತು. ತೆರಿಗೆ, ವ್ಯಾಪಾರ ಮತ್ತು ಬೆಲೆ ನಿಗದಿ ಮೂರೂ ಒಂದೇ ಉಗ್ರಾಣದಲ್ಲಿ ನಡೆದ ವ್ಯವಸ್ಥೆ ಇದು. ಬಿಳಿಯ ತೋಟಗಾರರು ಇದನ್ನು ದ್ವೇಷಿಸಿದ್ದಕ್ಕೆ ಕಾರಣ ಸರಳ. ತೆರಿಗೆ ಕಟ್ಟಲು ನಗದು ಬೇಕೆಂದಿದ್ದರೆ ಹಳ್ಳಿಗರು ತೋಟಕ್ಕೆ ಕೂಲಿಗೆ ಬರಲೇಬೇಕಾಗುತ್ತಿತ್ತು. ಬೆಳೆ ಕೊಟ್ಟರೆ ಸಾಕೆಂದಾಗ ಆ ಒತ್ತಾಯ ತಪ್ಪಿತು.

ಕೂಲಿ ಸಿಗದ ತೋಟಗಳಿಗೆ ಸರ್ಕಾರ ತೋರಿಸಿದ ದಾರಿಯೇ ಭಾರತ. 1879ರ ಮೇ 14ರಂದು ‘ಲಿಯೊನಿಡಾಸ್’ ಹಡಗು ಮೊದಲ ಕರಾರು ಕೂಲಿಗಳನ್ನು ತಂದಿತು. 1916ರಲ್ಲಿ ಕೊನೆಯ ಹಡಗು ಬರುವ ಹೊತ್ತಿಗೆ 60,000ಕ್ಕೂ ಹೆಚ್ಚು ಜನ ಹೀಗೆ ಬಂದಿದ್ದರು. ಸಿಡ್ನಿಯ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿ 1882ರಲ್ಲಿ ನೌಸೋರಿಯಲ್ಲಿ ಕಬ್ಬು ಅರೆಯತೊಡಗಿ, ಆಮೇಲೆ ಬಾ ನದಿಯ ದಡದಲ್ಲೂ ಲಂಬಾಸದಲ್ಲೂ ಲೌಟೋಕದಲ್ಲೂ ಕಾರ್ಖಾನೆಗಳನ್ನು ಕಟ್ಟಿ, 1926ರ ವೇಳೆಗೆ ದ್ವೀಪಗಳ ಏಕೈಕ ಸಕ್ಕರೆ ತಯಾರಕ ಸಂಸ್ಥೆಯಾಯಿತು. ಗಂಡಾಳಿಗೆ ದಿನಕ್ಕೆ ಒಂದು ಶಿಲ್ಲಿಂಗ್, ಹೆಣ್ಣಾಳಿಗೆ ಒಂಬತ್ತು ಪೆನ್ಸ್ ಎಂದು ಕರಾರಿನಲ್ಲಿತ್ತು. ಕೊಟ್ಟ ಕೆಲಸ ಮುಗಿಸಿದರೆ ಮಾತ್ರ ಆ ಹಣ ಕೈಗೆ ಬರುತ್ತಿತ್ತು ಮತ್ತು ಮೊದಲ ಆರು ತಿಂಗಳು ಪಡಿತರದ ಬಾಬ್ತು ದಿನಕ್ಕೆ ನಾಲ್ಕು ಪೆನ್ಸ್ ಮುರಿದುಕೊಳ್ಳುತ್ತಿದ್ದರು. ತೋಟದಲ್ಲಿ ಆಸ್ಪತ್ರೆ ಇಡುವುದು ಮಾಲೀಕನ ಕಾನೂನುಬದ್ಧ ಹೊಣೆಯಾಗಿತ್ತು. ಆದ್ದರಿಂದ ಭಾರತೀಯ ಕೂಲಿಗಳ ಚಿಕಿತ್ಸೆಯ ದೊಡ್ಡ ಭಾಗ ಸರ್ಕಾರದ ವೈದ್ಯಕೀಯ ಬಾಬ್ತಿನಲ್ಲಿ ಸಿಗುವುದಿಲ್ಲ. ವಲಸೆ ಇಲಾಖೆಯ ವಾರ್ಷಿಕ ವರದಿಗಳಲ್ಲಿ, ಸಾವಿನ ಪ್ರಮಾಣದ ಪಟ್ಟಿಗಳಲ್ಲಿ, ತೋಟದ ತಪಾಸಣೆಯ ಟಿಪ್ಪಣಿಗಳಲ್ಲಿ ಅದನ್ನು ಹುಡುಕಬೇಕು.

ಸರ್ಕಾರಿ ವೈದ್ಯಕೀಯದ ಕಥೆಯೂ ಅದೇ ಹಡಗಿನಿಂದ ಶುರುವಾಗುತ್ತದೆ. ಲಿಯೊನಿಡಾಸ್ ಕಾಲರಾ ಮತ್ತು ಸಿಡುಬು ಹೊತ್ತು ಬಂದಿತ್ತು. ಮುಖ್ಯ ವೈದ್ಯಾಧಿಕಾರಿ ವಿಲಿಯಂ ಮ್ಯಾಕ್‌ಗ್ರೆಗರ್ ಹಡಗನ್ನು ದಿಗ್ಬಂಧನದಲ್ಲಿಟ್ಟು, ದಡಾರದ ಪುನರಾವರ್ತನೆಯಾಗದಂತೆ ತಡೆದರು. ದ್ವೀಪದ ಯುವಕರಿಗೆ ಸಿಡುಬಿನ ಲಸಿಕೆ ಹಾಕುವುದನ್ನು ಕಲಿಸಬೇಕೆಂಬ ಯೋಚನೆ ಆಗ ಚಿಗುರಿ, 1880ರ ದಶಕದಲ್ಲಿ ಸುವಾದ ವೈದ್ಯಕೀಯ ಶಾಲೆಯಾಯಿತು. 1888ರಲ್ಲಿ ಮೊದಲ ಮೂವರು ‘ದೇಶೀ ವೈದ್ಯರು’ ಹೊರಬಂದರು. 1928ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನೊಡನೆ ಅದು ಕೇಂದ್ರ ವೈದ್ಯಕೀಯ ಶಾಲೆಯಾಗಿ, ಸಮೋವಾ, ಟೋಂಗಾ, ಗಿಲ್ಬರ್ಟ್ ದ್ವೀಪಗಳಿಂದಲೂ ವಿದ್ಯಾರ್ಥಿಗಳನ್ನು ತೆಗೆದುಕೊಂಡಿತು. ಯುರೋಪಿನ ಒಬ್ಬ ವೈದ್ಯನಿಗೆ ಕೊಡುವ ಸಂಬಳದಲ್ಲಿ ಇಂಥ ಹಲವರನ್ನು ಇಟ್ಟುಕೊಳ್ಳಬಹುದಾಗಿತ್ತೆಂಬುದನ್ನು ಆ ಕಾಲದ ಅಧಿಕಾರಿಗಳು ಮುಚ್ಚಿಟ್ಟವರಲ್ಲ. ಅಗ್ಗವೆಂದು ಆರಂಭವಾದ ಯೋಜನೆ ಇಡೀ ಪ್ರದೇಶದ ಅತ್ಯುತ್ತಮ ಆರೋಗ್ಯ ಸಂಸ್ಥೆಯಾದದ್ದು ಫಿಜಿಯ ಅಧ್ಯಯನದಲ್ಲಿ ನನಗೆ ಅತಿ ಹೆಚ್ಚು ಆಸಕ್ತಿ ಹುಟ್ಟಿಸುವ ಸಂಗತಿ. ಇದರ ಜೊತೆಗೆ 1911ರಲ್ಲಿ ತೆರೆದ ಮಕೊಂಗೈ ಕುಷ್ಠರೋಗ ಕೇಂದ್ರವನ್ನೂ ಗಮನಿಸಬೇಕು; ಸುತ್ತಲಿನ ಹಲವು ವಸಾಹತುಗಳ ರೋಗಿಗಳು ಅಲ್ಲಿಗೆ ಬರುತ್ತಿದ್ದರು.

ಇಷ್ಟೆಲ್ಲ ಆದರೂ ಮೂಲ ನಿವಾಸಿಗಳ ಸಂಖ್ಯೆ 1881ರಲ್ಲಿ ಸುಮಾರು 1,15,000 ಇದ್ದದ್ದು 1921ಕ್ಕೆ 84,000ದ ಆಸುಪಾಸಿಗೆ ಇಳಿದಿತ್ತು. ಬೊಕ್ಕಸ ತುಂಬುತ್ತಿದ್ದಾಗಲೇ ಜನ ಕಡಿಮೆಯಾದದ್ದು ಹೇಗೆಂಬ ಪ್ರಶ್ನೆಗೆ ಸರ್ಕಾರವೇ 1893ರಲ್ಲಿ ಆಯೋಗ ನೇಮಿಸಿ 1896ರಲ್ಲಿ ದಪ್ಪ ವರದಿಯನ್ನು ಪ್ರಕಟಿಸಿತು. ಆ ವರದಿ ತಾಯಂದಿರನ್ನೂ ಹಳ್ಳಿಯ ಪದ್ಧತಿಗಳನ್ನೂ ದೂರಿದ ರೀತಿಯನ್ನು ಓದುವಾಗ, ಹೊಸ ರೋಗಗಳು ಬಂದದ್ದು ಯಾವ ಹಡಗುಗಳಲ್ಲಿ ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಕನ್ನಡ ವಿದ್ಯಾರ್ಥಿಗೆ ಫಿಜಿಯಲ್ಲಿ ಒಂದು ನಿಜವಾದ ಅನುಕೂಲವಿದೆ. 1903ರಿಂದ ಮದ್ರಾಸ್ ಬಂದರಿನಿಂದಲೂ ಕೂಲಿಗಳನ್ನು ಕಳಿಸಲಾಯಿತು, ಒಟ್ಟು ವಲಸಿಗರಲ್ಲಿ ಸರಿಸುಮಾರು ಕಾಲು ಭಾಗ ಹೀಗೆ ಹೋದವರು. ಮದ್ರಾಸ್ ಪ್ರಾಂತ್ಯದಲ್ಲಿ ಆಗ ಬಳ್ಳಾರಿಯೂ ದಕ್ಷಿಣ ಕನ್ನಡವೂ ಸೇರಿದ್ದವು. ಪ್ರತಿ ವ್ಯಕ್ತಿಯ ವಲಸೆ ಪತ್ರದಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಎತ್ತರ, ಮೈಮೇಲಿನ ಗುರುತು, ಕೆಳಗೆ ‘ದೇಹ ಸದೃಢವಾಗಿದೆ’ ಎಂದು ದೃಢೀಕರಿಸಿದ ವೈದ್ಯನ ರುಜು ಇವೆಲ್ಲ ಇರುತ್ತವೆ. ಆರೋಗ್ಯದ ಇತಿಹಾಸಕ್ಕೆ ಇದು ಅಪರೂಪದ ದಾಖಲೆ. ಹೆಚ್ಚಿನವರು ಅದನ್ನು ವಂಶಾವಳಿಗಾಗಿ ಮಾತ್ರ ತೆರೆದು ನೋಡುತ್ತಾರೆ.

ಅನನುಕೂಲವೂ ಅಷ್ಟೇ ದೊಡ್ಡದು. ಫಿಜಿಯಲ್ಲಿ ಮೂರು ಸಮುದಾಯಗಳಿಗೆ ಮೂರು ಬಗೆಯ ತೆರಿಗೆ, ಮೂರು ಬಗೆಯ ಚಿಕಿತ್ಸಾ ವ್ಯವಸ್ಥೆ. ಒಂದು ವರ್ಷದ ಸ್ನಾತಕೋತ್ತರ ಪ್ರಬಂಧಕ್ಕೆ ಇಡೀ ಫಿಜಿಯನ್ನು ತೆಗೆದುಕೊಳ್ಳುವವರಿಗೆ ನನ್ನ ಸಲಹೆ ಬೇಡವೆಂದೇ. ಒಂದು ಕಾರ್ಖಾನೆಯ ಸುತ್ತಲಿನ ಜಿಲ್ಲೆಯನ್ನೋ ವೈದ್ಯಕೀಯ ಶಾಲೆಯೊಂದನ್ನೋ ಹಿಡಿಯುವುದಾದರೆ ಸರಿ.

ಎರಡು ಸಮೋವಾಗಳು: ಜೋಡಿಯಾಗಿ ಓದಬೇಕಾದವು

ಅವಧಿ ಕಡಿಮೆ ಇರುವವರಿಗೆ ನಾನು ಮೊದಲು ಸೂಚಿಸುವುದು ಸಮೋವಾವನ್ನು. ಒಂದೇ ಭಾಷೆ, ಒಂದೇ ಬಂಧುತ್ವ ವ್ಯವಸ್ಥೆ, ಒಂದೇ ಬೆಳೆಯ ದ್ವೀಪಸಮೂಹವನ್ನು 1899ರ ಒಪ್ಪಂದ ಎರಡು ಹೋಳು ಮಾಡಿತು. ಪಶ್ಚಿಮದ ಉಪೋಲು, ಸವಾಯಿ ದ್ವೀಪಗಳು ಜರ್ಮನಿಗೆ. ಪೂರ್ವದ ಟುಟುಯಿಲ ಮತ್ತು ಅದರ ಒಳ್ಳೆಯ ಬಂದರು ಪಾಗೊ ಪಾಗೊ ಅಮೆರಿಕದ ನೌಕಾಪಡೆಗೆ. ಸಮಾಜ ಒಂದೇ ಇದ್ದು ಆಡಳಿತ ಮಾತ್ರ ಬೇರೆಯಾದ ಇಂಥ ಹೋಲಿಕೆ ಸಂಶೋಧಕರಿಗೆ ಬೇಕೆಂದಾಗ ಸಿಗುವಂಥದ್ದಲ್ಲ.

ಪಶ್ಚಿಮ ಸಮೋವಾದ ಅರ್ಥವ್ಯವಸ್ಥೆ ಕೊಬ್ಬರಿಯದ್ದು, ಜೊತೆಗೆ ಕೋಕೊ. ಜರ್ಮನ್ ಗವರ್ನರ್ ವಿಲ್ಹೆಲ್ಮ್ ಝೋಲ್ಫ್ ತಲೆಗಂದಾಯ ಹಾಕಿದರು, ಸಮೋವನ್ ಅಧಿಕಾರಿಗಳ ಸಂಬಳ ಅದರಿಂದ ಹೊರಡುತ್ತಿತ್ತು. ದೊಡ್ಡ ಜರ್ಮನ್ ತೋಟಗಳಿಗಾಗಿ 1903ರಿಂದ ಚೀನೀ ಕೂಲಿಗಳು ಬಂದರು. 1914ರ ಆಗಸ್ಟ್ 29ರಂದು ನ್ಯೂಜಿಲೆಂಡ್ ಸೇನೆ ಗುಂಡು ಹಾರಿಸದೆ ಈ ಭಾಗವನ್ನು ವಶಪಡಿಸಿಕೊಂಡಿತು; ಯುದ್ಧಾನಂತರ ರಾಷ್ಟ್ರಸಂಘದ (ಲೀಗ್ ಆಫ್ ನೇಷನ್ಸ್) ಅಧೀನಾದೇಶದ, ಅಂದರೆ ಮ್ಯಾಂಡೇಟಿನ, ಹೆಸರಿನಲ್ಲಿ ಅಲ್ಲಿಯೇ ಉಳಿಯಿತು. ಜರ್ಮನ್ ತೋಟಗಳು ನ್ಯೂಜಿಲೆಂಡ್ ಸರ್ಕಾರದ ಆಸ್ತಿಯಾಗಿ ‘ಪರಿಹಾರ ತೋಟಗಳು’ ಎಂಬ ಹೆಸರಿನಲ್ಲಿ ಪ್ರತ್ಯೇಕ ಖಾತೆಯಲ್ಲಿ ನಡೆದವು. ಆಡಳಿತದ ಆಯವ್ಯಯ ಓದುವವರು ಈ ಖಾತೆಯನ್ನು ಬೇರೆಯಾಗಿ ತರಿಸಿಕೊಳ್ಳದಿದ್ದರೆ ಅರ್ಧ ಚಿತ್ರವಷ್ಟೇ ಸಿಗುತ್ತದೆ.

ಅಮೆರಿಕನ್ ಸಮೋವಾದಲ್ಲಿ 1900ರಿಂದ 1951ರವರೆಗೆ ಆಳಿದ್ದು ನೌಕಾಪಡೆ. ಅಲ್ಲಿಯೂ ತೆರಿಗೆ ಕೊಬ್ಬರಿಯಲ್ಲಿ ಸಲ್ಲುತ್ತಿತ್ತು. ಹಳ್ಳಿಗಳ ಕೊಬ್ಬರಿಯನ್ನು ಸರ್ಕಾರ ಒಟ್ಟುಗೂಡಿಸಿ ಹೆಚ್ಚು ಬೆಲೆ ಕೊಡುವವನಿಗೆ ಮಾರಿ, ತೆರಿಗೆ ಕಳೆದು ಉಳಿದದ್ದನ್ನು ಬೆಳೆದವರಿಗೆ ಕೊಡುತ್ತಿತ್ತು. ಗಾರ್ಡನ್ನರ ಫಿಜಿ ಪದ್ಧತಿಗೂ ಇದಕ್ಕೂ ಇರುವ ಹೋಲಿಕೆ ಕಣ್ಣಿಗೆ ಹೊಡೆಯುವಂತಿದೆ. ಪಾಗೊ ಪಾಗೊದ ಮುಖ್ಯ ಉಪಯೋಗ ವ್ಯಾಪಾರವಲ್ಲ, ಯುದ್ಧನೌಕೆಗಳಿಗೆ ಕಲ್ಲಿದ್ದಲು ತುಂಬಿಸುವುದು. ಆಸ್ಪತ್ರೆಗೆ ಬೇಕಾದ ವೈದ್ಯರು ನೌಕಾಪಡೆಯ ಸಂಬಳದಲ್ಲೇ ಬರುತ್ತಿದ್ದರು. 1914ರಲ್ಲಿ ಸಮೋವಾದ ಹೆಣ್ಣುಮಕ್ಕಳಿಗೆ ದಾದಿಯರ ತರಬೇತಿ ಶಾಲೆಯೂ ಆರಂಭವಾಯಿತು. ದ್ವೀಪದ ಸ್ಥಳೀಯ ಆಯವ್ಯಯದಲ್ಲಿ ಈ ವೈದ್ಯರ ಸಂಬಳ ಕಾಣದ ಕಾರಣ ಅಲ್ಲಿಯ ಆರೋಗ್ಯ ಖರ್ಚು ನಿಜಕ್ಕಿಂತ ಕಡಿಮೆಯೆಂದು ತೋರುತ್ತದೆ.

ಇವೆರಡರ ನಡುವಿನ ವ್ಯತ್ಯಾಸ 1918ರ ನವೆಂಬರಿನಲ್ಲಿ ಬಯಲಿಗೆ ಬಂತು. ‘ತಲೂನ್’ ಎಂಬ ಹಡಗು ಆಕ್ಲೆಂಡಿನಿಂದ ಇನ್‌ಫ್ಲುಯೆಂಜಾ ಹೊತ್ತು ಹೊರಟಿತು. ಫಿಜಿಯ ಸುವಾದಲ್ಲಿ ಅದನ್ನು ದಿಗ್ಬಂಧನದಲ್ಲಿಟ್ಟರು. ನವೆಂಬರ್ 7ರಂದು ಪಶ್ಚಿಮ ಸಮೋವಾದ ಮುಖ್ಯ ಬಂದರಾದ ಅಪಿಯಾ ತಲುಪಿದಾಗ ಅಲ್ಲಿಯ ಬಂದರು ಅಧಿಕಾರಿಗಳು ಪ್ರಯಾಣಿಕರನ್ನು, ಜ್ವರ ಬಂದವರೂ ಸೇರಿದಂತೆ, ಇಳಿಯಲು ಬಿಟ್ಟರು. ಎರಡು ತಿಂಗಳೊಳಗೆ ಸುಮಾರು 8,500 ಜನ ಸತ್ತರು. ಅದು ಪಶ್ಚಿಮ ಸಮೋವಾದ ಜನಸಂಖ್ಯೆಯ ಶೇ 22ರಷ್ಟು. ಪಾಗೊ ಪಾಗೊದಲ್ಲಿ ಗವರ್ನರ್ ಜಾನ್ ಪೋಯರ್ ಕಟ್ಟುನಿಟ್ಟಿನ ಸಮುದ್ರ ದಿಗ್ಬಂಧನ ಹಾಕಿದರು, ಸಮೋವನ್ನರೇ ಕರಾವಳಿಯ ಕಾವಲಿಗೆ ನಿಂತರು. ಅಲ್ಲಿ ಈ ಜ್ವರಕ್ಕೆ ಒಬ್ಬರೂ ಬಲಿಯಾಗಲಿಲ್ಲ. ಪೋಯರ್ ಮುಂದೊಡ್ಡಿದ ನೆರವನ್ನು ಅಪಿಯಾದ ಆಡಳಿತಗಾರ ಕರ್ನಲ್ ರಾಬರ್ಟ್ ಲೋಗನ್ ಸ್ವೀಕರಿಸಲಿಲ್ಲ. 1919ರ ವಿಚಾರಣಾ ಆಯೋಗ ಆಡಳಿತದ ಲೋಪವನ್ನು ದಾಖಲಿಸಿತು. 2002ರಲ್ಲಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ ಅಪಿಯಾದಲ್ಲಿ ಕ್ಷಮೆ ಕೇಳಿದರು.

ಇದನ್ನು ಇಬ್ಬರು ಅಧಿಕಾರಿಗಳ ಗುಣದೋಷದ ಕಥೆಯಾಗಿ ಬರೆಯುವುದು ವಾಡಿಕೆ. ಗುಣದೋಷ ಇದ್ದದ್ದು ನಿಜ. ಆದರೆ ಹಣಕಾಸಿನ ವಿದ್ಯಾರ್ಥಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಅಪಿಯಾದ ಬೊಕ್ಕಸ ಆಮದು-ರಫ್ತು ಸುಂಕದ ಮೇಲೆ ನಿಂತಿತ್ತು, ಹಡಗು ತಡೆದರೆ ಆ ವಾರದ ವ್ಯಾಪಾರವೂ ಸುಂಕವೂ ನಿಲ್ಲುತ್ತಿತ್ತು. ಪಾಗೊ ಪಾಗೊದ ಆಡಳಿತಕ್ಕೆ ನೌಕಾಪಡೆಯ ಬೆನ್ನಾಸರೆಯಿತ್ತು, ಬಂದರು ಮುಚ್ಚಿದರೆ ಅದರ ಬದುಕು ನಿಲ್ಲುತ್ತಿರಲಿಲ್ಲ. ಲೋಗನ್ ಸುಂಕದ ಲೆಕ್ಕ ಹಾಕಿ ಹಡಗನ್ನು ಬಿಟ್ಟುಕೊಂಡರೆಂದು ನಾನು ಹೇಳುತ್ತಿಲ್ಲ. ಬಂದರು ಮುಚ್ಚುವುದು ಒಂದು ಕಡೆ ದುಬಾರಿಯಾಗಿ, ಇನ್ನೊಂದು ಕಡೆ ಅಗ್ಗವಾಗಿ ಇದ್ದಾಗ ಅಧಿಕಾರಿಗಳ ಅಭ್ಯಾಸಗಳೂ ಅದಕ್ಕೆ ತಕ್ಕಂತೆ ರೂಪುಗೊಂಡಿರುತ್ತವೆ ಎಂಬುದು ನನ್ನ ಅಭಿಪ್ರಾಯ, ಮತ್ತು ಎರಡೂ ಬಂದರುಗಳ ದಾಖಲೆಗಳನ್ನು ಒಟ್ಟಿಗಿಟ್ಟು ಇದನ್ನು ಪರೀಕ್ಷಿಸಬಹುದು. ಒಂದು ಒಳ್ಳೆಯ ಪ್ರಬಂಧಕ್ಕೆ ಇಷ್ಟು ಸಾಕು.

ಮುಂದಿನ ದಶಕವೂ ಬರಡಲ್ಲ. 1923ರಲ್ಲಿ ಬಂದ ಆಡಳಿತಗಾರ ಜಾರ್ಜ್ ರಿಚರ್ಡ್‌ಸನ್ ಗುಣಮಟ್ಟದ ಕೊಬ್ಬರಿಯನ್ನು ಸರ್ಕಾರವೇ ಕೊಂಡು ಹೊರಗೆ ಮಾರುವ ಯೋಜನೆ ತಂದು ಅಪಿಯಾದ ವ್ಯಾಪಾರಿಗಳನ್ನು ಎದುರು ಹಾಕಿಕೊಂಡರು. ಅವರಲ್ಲಿ ದೊಡ್ಡವರಾದ ಓಲಾಫ್ ನೆಲ್ಸನ್ ನ್ಯೂಜಿಲೆಂಡ್ ಆಡಳಿತವನ್ನು ವಿರೋಧಿಸಿದ ಮೌ ಚಳವಳಿಯ ಮುಂಚೂಣಿಗೆ ಬಂದು 1928ರಲ್ಲಿ ಗಡೀಪಾರಾದರು. ಮೌ ಅನುಯಾಯಿಗಳು ತೆರಿಗೆ ಕಟ್ಟಲಿಲ್ಲ, ಅಂಗಡಿಗಳನ್ನು ಬಹಿಷ್ಕರಿಸಿದರು. ಹಳ್ಳಿಯ ಸ್ವಚ್ಛತೆ, ಶಿಶು ಆರೈಕೆ ನೋಡಿಕೊಳ್ಳಲೆಂದು 1920ರ ದಶಕದಲ್ಲಿ ಹುಟ್ಟಿದ ಮಹಿಳಾ ಸಮಿತಿಗಳ ಕೆಲಸಕ್ಕೂ ಈ ಅಸಹಕಾರ ಪೆಟ್ಟು ಕೊಟ್ಟಿತು. 1929ರ ಡಿಸೆಂಬರ್ 28ರಂದು ಅಪಿಯಾದಲ್ಲಿ ಪೊಲೀಸರು ಮೆರವಣಿಗೆಯ ಮೇಲೆ ಗುಂಡು ಹಾರಿಸಿದಾಗ ಮುಖಂಡ ಟುಪುವಾ ಟಮಸೇಸೆ ಲಿಯಾಲೊಫಿ ಸತ್ತರು. ಅಸಹಕಾರ ಚಳವಳಿಯೊಂದು ಆಡಳಿತದ ಆದಾಯವನ್ನು ಎಷ್ಟು ಕುಗ್ಗಿಸಬಲ್ಲದು ಎಂಬುದನ್ನು ವರ್ಷವರ್ಷದ ಅಂಕಿಗಳಲ್ಲಿ ನೋಡಬಯಸುವವರಿಗೆ ಈ ಅವಧಿ ಹೇಳಿಮಾಡಿಸಿದಂತಿದೆ. ಕೊಬ್ಬರಿಯ ಜಾಗತಿಕ ಬೆಲೆ ಕುಸಿದದ್ದೂ ಅದೇ ವರ್ಷಗಳಲ್ಲಾದ್ದರಿಂದ ಯಾವ ಇಳಿಕೆ ಯಾವ ಕಾರಣದ್ದೆಂದು ಬೇರ್ಪಡಿಸುವುದೇ ಇಲ್ಲಿನ ಕಷ್ಟದ ಕೆಲಸ.

ನೌರು ಮತ್ತು ಬಾನಬಾ: ಲೆಕ್ಕ ಸುಲಭ, ನ್ಯಾಯ ಕಷ್ಟ

ಈ ಎರಡು ದ್ವೀಪಗಳಲ್ಲಿ ಬೆಳೆ, ಹಂಗಾಮು, ವ್ಯಾಪಾರಿಗಳ ಪೈಪೋಟಿ ಯಾವುದರ ತೊಡಕೂ ಇಲ್ಲ. ನೆಲದಡಿಯ ಫಾಸ್ಫೇಟ್ ಒಂದೇ ಸರಕು. ಕಂಪನಿಯೊಂದರ ಪರವಾಗಿ ಆಲ್ಬರ್ಟ್ ಎಲ್ಲಿಸ್ ಎಂಬುವರು 1900ರ ಮೇ ತಿಂಗಳಲ್ಲಿ ಬಾನಬಾ ಮುಖಂಡರಿಂದ ಗಣಿ ಹಕ್ಕಿನ ಒಂದು ಕಾಗದಕ್ಕೆ ಗುರುತು ಹಾಕಿಸಿಕೊಂಡರು. ವರ್ಷಕ್ಕೆ 50 ಪೌಂಡ್, ಅವಧಿ 999 ವರ್ಷ. ಅಲ್ಲಿಂದ 1979ರವರೆಗೆ ಎರಡು ಕೋಟಿ ಟನ್ನಿಗೂ ಹೆಚ್ಚು ಫಾಸ್ಫೇಟ್ ಹೊರಹೋಯಿತು. ನೌರುವಿನಲ್ಲಿ ಆರಂಭದಲ್ಲಿ ಭೂಮಾಲೀಕರಿಗೆ ಸಿಕ್ಕ ರಾಯಧನ ಟನ್ನಿಗೆ ಅರ್ಧ ಪೆನ್ನಿ.

1919ರ ಒಪ್ಪಂದದ ಮೇರೆಗೆ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸರ್ಕಾರಗಳು ಗಣಿ ಕಂಪನಿಯನ್ನು ಕೊಂಡು ಬ್ರಿಟಿಷ್ ಫಾಸ್ಫೇಟ್ ಮಂಡಳಿಯನ್ನು ಸ್ಥಾಪಿಸಿದವು. ಫಾಸ್ಫೇಟ್ ಹಂಚಿಕೆ ಕ್ರಮವಾಗಿ ಶೇ 42, 42, 16. ಇದರಲ್ಲಿ ವಿದ್ಯಾರ್ಥಿ ಹಿಡಿಯಬೇಕಾದ ಎಳೆ ಲಾಭ ಕಾಣಿಸದ ಲಾಭದ್ದು. ಮಂಡಳಿ ಫಾಸ್ಫೇಟನ್ನು ತಗಲಿದ ಖರ್ಚಿಗೇ ಆಯಾ ದೇಶಗಳ ಗೊಬ್ಬರ ತಯಾರಕರಿಗೆ ಕೊಡುತ್ತಿತ್ತು. ಹೀಗಾಗಿ ಮಂಡಳಿಯ ಲೆಕ್ಕಪುಸ್ತಕದಲ್ಲಿ ದೊಡ್ಡ ಲಾಭವೇ ಇಲ್ಲ. ಲಾಭ ಇದ್ದದ್ದು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ರೈತರ ಹೊಲದಲ್ಲಿ, ಮಾರುಕಟ್ಟೆಗಿಂತ ಅಗ್ಗವಾಗಿ ಬಂದ ಗೊಬ್ಬರದ ಚೀಲದಲ್ಲಿ. ಜಾಗತಿಕ ಬೆಲೆಗೂ ಮಂಡಳಿಯ ಬೆಲೆಗೂ ಇರುವ ಅಂತರವನ್ನು ಟನ್ನುಗಳಿಂದ ಗುಣಿಸಿದರೆ ದ್ವೀಪದವರ ಕೈತಪ್ಪಿದ್ದು ಎಷ್ಟೆಂದು ಅಂದಾಜು ಸಿಗುತ್ತದೆ.

ಆರೋಗ್ಯದ ಮಟ್ಟಿಗೆ ನೌರುವಿನ ದಾಖಲೆ ಕಠೋರವಾದದ್ದು. 1920ರ ಇನ್‌ಫ್ಲುಯೆಂಜಾ ಆದ ಮೇಲೆ ನೌರುವಿನ ಮೂಲ ನಿವಾಸಿಗಳು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಉಳಿದರು. ಜನಾಂಗ ಬದುಕುಳಿಯಲು 1,500 ಮಂದಿಯಾದರೂ ಇರಬೇಕೆಂದು ಆಡಳಿತ ಭಾವಿಸಿತ್ತು. 1932ರ ಅಕ್ಟೋಬರ್ 26ರಂದು ಆ ಸಂಖ್ಯೆ ಮುಟ್ಟಿಸಿದ ಮಗು ಹುಟ್ಟಿದ ದಿನವನ್ನು ಇಂದಿಗೂ ‘ಅಂಗಾಮ್ ದಿನ’ವೆಂದು ಆಚರಿಸುತ್ತಾರೆ. 1920ರ ದಶಕದಲ್ಲಿ ಕುಷ್ಠರೋಗ ದ್ವೀಪದ ದೊಡ್ಡ ಪಾಲು ಜನರಿಗೆ ತಗುಲಿತ್ತು. 1943ರಲ್ಲಿ ಜಪಾನಿ ಸೇನೆ 39 ಕುಷ್ಠರೋಗಿಗಳನ್ನು ದೋಣಿಯಲ್ಲಿ ಎಳೆದೊಯ್ದು ಸಮುದ್ರದಲ್ಲಿ ಮುಳುಗಿಸಿತು.

ಬಾನಬಾ ಗಿಲ್ಬರ್ಟ್ ಮತ್ತು ಎಲ್ಲಿಸ್ ವಸಾಹತಿನ ಭಾಗವಾಗಿದ್ದರಿಂದ ಅಲ್ಲಿ ಇನ್ನೊಂದು ತಿರುವಿದೆ. ಬಾನಬಾದ ಫಾಸ್ಫೇಟ್ ತೆರಿಗೆ ದೂರದೂರದ ಹವಳದ ದ್ವೀಪಗಳ ಶಾಲೆ, ಔಷಧಾಲಯಗಳ ಖರ್ಚನ್ನು ಹೊತ್ತಿತ್ತು. ಒಂದು ಪುಟ್ಟ ದ್ವೀಪವನ್ನು ಕೆರೆದು ಉಳಿದ ಮೂವತ್ತಕ್ಕೂ ಹೆಚ್ಚು ದ್ವೀಪಗಳನ್ನು ನಡೆಸುವುದು ಸರಿಯೇ ಎಂಬುದು ಸಾರ್ವಜನಿಕ ಹಣಕಾಸಿನ ಹಳೆಯ ಪ್ರಶ್ನೆ, ಇಲ್ಲಿ ಅದು ಮೈಮೇಲೆ ಬಟ್ಟೆಯಿಲ್ಲದೆ ಎದುರಾಗುತ್ತದೆ. ಬಾನಬಾದ ಜನರನ್ನು 1945ರಲ್ಲಿ ಫಿಜಿಯ ರಂಬಿ ದ್ವೀಪಕ್ಕೆ ಸಾಗಿಸಲಾಯಿತು. ಅವರು ಲಂಡನ್ನಿನಲ್ಲಿ ಹೂಡಿದ ದಾವೆಯ ವಿಚಾರಣೆಗಾಗಿ ನ್ಯಾಯಾಧೀಶ ಮೆಗಾರಿ ದ್ವೀಪಕ್ಕೇ ಹೋಗಿ ಕಣ್ಣಾರೆ ನೋಡಿಬಂದು, 1976ರ ತೀರ್ಪಿನಲ್ಲಿ ಸರ್ಕಾರದ ನಡವಳಿಕೆಯನ್ನು ಟೀಕಿಸಿದರೂ ನ್ಯಾಯಾಲಯ ಜಾರಿ ಮಾಡಬಹುದಾದ ಹೊಣೆ ಅದಕ್ಕಿರಲಿಲ್ಲವೆಂದರು. ಇದಕ್ಕೆ ವ್ಯತಿರಿಕ್ತವಾಗಿ ನೌರು 1989ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 1993ರಲ್ಲಿ ಆಸ್ಟ್ರೇಲಿಯಾದಿಂದ 10.7 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳ ರಾಜಿ ಪರಿಹಾರ ಪಡೆಯಿತು. ಗಿಲ್ಬರ್ಟ್ ವಸಾಹತು 1956ರಲ್ಲಿ ಫಾಸ್ಫೇಟ್ ಹಣದಿಂದ ಸ್ಥಾಪಿಸಿದ ಮೀಸಲು ನಿಧಿ ಕಿರಿಬಾಟಿಯಲ್ಲಿ ಇಂದಿಗೂ ಇದೆ. ಕಾನೂನು ಓದಿದವರಿಗೆ, ನಿಧಿ ನಿರ್ವಹಣೆಯಲ್ಲಿ ಆಸಕ್ತಿಯಿರುವವರಿಗೆ ಇದು ಸರಿಯಾದ ವಿಷಯ. ಜನರ ದಿನನಿತ್ಯದ ಚಿಕಿತ್ಸೆಯ ಚಿತ್ರ ಬೇಕೆನ್ನುವವರಿಗೆ ಇಲ್ಲಿ ಕೈಗೆ ಸಿಗುವುದು ಕಡಿಮೆ.

ನ್ಯೂ ಹೆಬ್ರಿಡಿಸ್ ಬಗ್ಗೆ ಎರಡು ಮಾತು ಸಾಕು. 1906ರಿಂದ ಬ್ರಿಟನ್ ಮತ್ತು ಫ್ರಾನ್ಸ್ ಜಂಟಿಯಾಗಿ ಆಳಿದ ಈ ದ್ವೀಪಗಳಲ್ಲಿ ಪೊಲೀಸ್ ಎರಡು, ಜೈಲು ಎರಡು, ನಾಣ್ಯ ಎರಡು, ಆಸ್ಪತ್ರೆಯೂ ಎರಡು; ಜಂಟಿ ನ್ಯಾಯಾಲಯದ ಅಧ್ಯಕ್ಷನನ್ನು ನೇಮಿಸುತ್ತಿದ್ದವನು ಸ್ಪೇನಿನ ದೊರೆ. ಒಂದೇ ಸೇವೆಗೆ ಎರಡು ಖರ್ಚಾದರೆ ಏನಾಗುತ್ತದೆಂದು ನೋಡಲು ಮೋಜಿನ ವಿಷಯವೇ ಸರಿ. ಆದರೆ ಫ್ರೆಂಚ್ ಬಾರದವರು ಕೈಹಾಕಬಾರದು.

ದಾಖಲೆಗಳು ಮತ್ತು ಅಳತೆಗಳು

ಊರು ಬಿಡದೆ ಕೆಲಸ ಮಾಡಬೇಕಾದವರಿಗೆ ಪಶ್ಚಿಮ ಸಮೋವಾ ಎಲ್ಲಕ್ಕಿಂತ ಸುಲಭ. ರಾಷ್ಟ್ರಸಂಘಕ್ಕೆ ವರದಿ ಸಲ್ಲಿಸುವ ಹೊಣೆಯಿದ್ದುದರಿಂದ ನ್ಯೂಜಿಲೆಂಡ್ ಪ್ರತಿವರ್ಷ ಆದಾಯ, ವೆಚ್ಚ, ಆಮದು-ರಫ್ತು, ಆಸ್ಪತ್ರೆ, ಜನನ-ಮರಣಗಳ ವಿವರ ಪ್ರಕಟಿಸಿತು. ಅವು ಆ ದೇಶದ ಸಂಸತ್ತಿನ ಕಾಗದಪತ್ರಗಳಲ್ಲಿ ಎ-4 ಎಂಬ ಕ್ರಮಾಂಕದಡಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಫಿಜಿಯ ಮೂಲ ಕಡತಗಳು ಸುವಾದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಈ ಭಾಗದ ಬ್ರಿಟಿಷ್ ದ್ವೀಪಗಳ ಮೇಲ್ವಿಚಾರಣೆ ನಡೆಸುತ್ತಿದ್ದ ಪಶ್ಚಿಮ ಪೆಸಿಫಿಕ್ ಹೈಕಮಿಷನ್ನಿನ ಕಡತಗಳು ಈಗ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿವೆ. ಗಿಲ್ಬರ್ಟ್ ದ್ವೀಪಗಳನ್ನು ಆರಿಸಿಕೊಂಡವರಿಗೆ ಅವಿಲ್ಲದೆ ನಡೆಯದು.

ಅಂಕಿಗಳನ್ನು ಅಕ್ಕಪಕ್ಕ ಇಡುವ ಮುನ್ನ ಆರ್ಥಿಕ ವರ್ಷವನ್ನು ನೋಡಿಕೊಳ್ಳಬೇಕು. ನ್ಯೂಜಿಲೆಂಡ್ ಆಡಳಿತದ ವರ್ಷ ಆಗ ಮಾರ್ಚ್ 31ಕ್ಕೆ ಮುಗಿಯುತ್ತಿತ್ತು, ಅಮೆರಿಕದ್ದು ಆಗ ಜೂನ್ 30ಕ್ಕೆ ಮುಗಿಯುತ್ತಿತ್ತು, ಫಿಜಿಯದ್ದು ಡಿಸೆಂಬರಿಗೆ. 1918ರ ನವೆಂಬರಿನ ಸಾಂಕ್ರಾಮಿಕ ಮೂರು ಕಡೆಯೂ ಬೇರೆಬೇರೆ ಭಾಗದಲ್ಲಿ ಬೀಳುತ್ತದೆ. ಪೌಂಡು ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ: 1930ರ ದಶಕದ ಮೊದಲ ವರ್ಷಗಳಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಪೌಂಡುಗಳು ಇಳಿದು 100 ಸ್ಟರ್ಲಿಂಗ್ ಪೌಂಡಿಗೆ 125ರ ಮಟ್ಟಕ್ಕೆ ಬಂದವು, ಫಿಜಿಯ ಪೌಂಡು 111ರಲ್ಲಿ ನಿಂತಿತು. ಬ್ರಿಟಿಷ್ ವರದಿಗಳಲ್ಲಿನ ಟನ್ ಎಂದರೆ 1,016 ಕಿಲೋಗ್ರಾಂ. ಈ ಮೂರು ತಿದ್ದುಪಡಿಗಳನ್ನು ಮಾಡದೆ ಸಮೋವಾದ ಕೊಬ್ಬರಿ ಆದಾಯವನ್ನು ಫಿಜಿಯದ್ದಕ್ಕೆ ಹೋಲಿಸಿದ ಕೋಷ್ಟಕಗಳನ್ನು ಮುದ್ರಿತ ಪ್ರಬಂಧಗಳಲ್ಲೂ ಕಂಡಿದ್ದೇನೆ.

ಆಧಾರ ವರ್ಷವಾಗಿ ಯುದ್ಧದ ಅವಧಿಯನ್ನು ತೆಗೆದುಕೊಳ್ಳುವುದು ಸೂಕ್ತವಲ್ಲ, ಏಕೆಂದರೆ ಹಡಗುಗಳ ಅಭಾವ ಮತ್ತು ಏರಿದ ಬೆಲೆ ಎರಡೂ ಸೇರಿ ಎಲ್ಲ ದ್ವೀಪಗಳ ವ್ಯಾಪಾರದ ಅಂಕಿಗಳನ್ನೂ ತಿರುಚಿವೆ. ಸಮೋವಾಗಳಿಗೆ 1910ರಿಂದ 1913ರವರೆಗಿನ ಸರಾಸರಿಯನ್ನು ಇಟ್ಟುಕೊಂಡು ಅದನ್ನು 1922ರ ನಂತರದ ಮೂರು ವರ್ಷಗಳೊಡನೆ ನೋಡಬಹುದು. ಪಶ್ಚಿಮದ ಮೊದಲ ಭಾಗಕ್ಕೆ ಜರ್ಮನ್ ವರದಿಗಳನ್ನು ಓದಬೇಕಾಗುತ್ತದೆ, ಮತ್ತು ಅವುಗಳಲ್ಲಿ ಹಣ ಮಾರ್ಕುಗಳಲ್ಲಿದೆ.